ಮಗನ ಕಿರಾಯಾನಾಮಾ

ಬಾಡಿಗೆಗೆ ಬಂದವನಿಗೆ ಸಿಗುವ ಮರ್ಯಾದೆ ಹೊಟ್ಟೆಯಲ್ಲಿ ಹುಟ್ಟಿದವನಿಗೆ ಸಿಗುವುದಿಲ್ಲ. ಇದು ನನ್ನ ಸ್ವಾನುಭವ. ನಾನು ಭಾಲ್ಕಿಯ ವಕೀಲ ಸಾಹೇಬರೊಬ್ಬರ ಗುಮಾಸ್ತ. ಊರವರ ಕಿರಾಯಾನಾಮಾ, ಅಂದರೆ ಬಾಡಿಗೆ ಕರಾರುಗಳನ್ನೆಲ್ಲ ಆಗಿನ ಕಚೇರಿ ಭಾಷೆಯಾದ ಉರ್ದುವಿನಲ್ಲಿ ಬರೆದುಕೊಡುವವನು ನಾನೇ. ಆದರೆ ನನ್ನ ಕೋಣೆಯಲ್ಲಿ ನನಗೇ ಕಾಲು ಚಾಚಲು ಜಾಗವಿರಲಿಲ್ಲ. ತೊಗರಿ ವ್ಯಾಪಾರಿಯಾದ ಅಪ್ಪ ಹೇಳದೆ ಕೇಳದೆ ಚೀಲಗಳನ್ನು ತಂದು ಅಲ್ಲಿ ಒಟ್ಟುತ್ತಿದ್ದರು. ಉಳಿದ ಜಾಗದಲ್ಲಿ ಹಲಬರ್ಗಾದ ನೆಂಟರು ಗೊರಕೆ ಹೊಡೆಯುತ್ತಿದ್ದರು. ಮದುವೆಗೆ ಮುಂಚೆ ಸಹಿಸಿದೆ. ಈಗ ಆಷಾಢಕ್ಕೆ ತವರಿಗೆ ಹೋದ ಹೆಂಡತಿ ಹತ್ತು ದಿನದಲ್ಲಿ ಔರಾದದಿಂದ ಬರುವವಳಿದ್ದಳು.

ನನ್ನಲ್ಲಿದ್ದ ಒಂದೇ ಅಸ್ತ್ರ ಲೇಖನಿ. ಅಪ್ಪ ಮಾಲೀಕ, ನಾನು ಬಾಡಿಗೆದಾರ ಎಂದು ಕಿರಾಯಾನಾಮಾ ಬರೆದೆ. ಚೀಲ ಇಡಕೂಡದು, ನೆಂಟರನ್ನು ಮಲಗಿಸಕೂಡದು. ಬಾಡಿಗೆ ದಿನಕ್ಕೆರಡು ಕೊಡ ಬಾವಿ ನೀರು. ಅಪ್ಪನಿಗೆ ಉರ್ದು ಬಾರದು, ಕಚೇರಿಯಲ್ಲಿ ಓದುವ ಓಟದಲ್ಲೇ ಗಡಗಡನೆ ಓದಿ ಹೇಳಿದೆ. ಮೀಸೆಯಲ್ಲೇ ನಕ್ಕು ಸಹಿ ಹಾಕಿದರು. ಚೀಲಗಳು ಪಡಸಾಲೆಗೆ ಹೋದವು. ಕೋಣೆಯ ನಟ್ಟನಡುವೆ ಅಂಗಾತ ಮಲಗಿದ ಆ ಸುಖವನ್ನು ಏನೆಂದು ಹೇಳಲಿ!

ಮರುದಿನ ಅಪ್ಪ ಕರೆದು, "ತಮ್ಮಾ, ಆ ಕಡೀ ಕಲಮು ಮತ್ತೊಮ್ಮಿ ಓದು," ಎಂದರು. ಓದುವಾಗಲೇ ನನ್ನ ತಪ್ಪು ನನ್ನ ಕಣ್ಣಿಗೆ ಬಿತ್ತು. ನಮ್ಮ ಕಕ್ಷಿದಾರರೆಲ್ಲ ಮನೆ ಮಾಲೀಕರೇ. ರೂಢಿ ಬಿದ್ದ ಕೈ ಎಂದಿನಂತೆ ಬರೆದುಬಿಟ್ಟಿತ್ತು: ಮಾಲೀಕ ಹೇಳಿದ ಎಂಟು ದಿನದೊಳಗೆ ಬಾಡಿಗೆದಾರ ಜಾಗ ಖಾಲಿ ಮಾಡತಕ್ಕದ್ದು.

"ನೀ ಮಗ ಇದ್ದಾಗ ಹೊರಗ ಹಾಕ್ಲಾಕ ನನಗ ಹಕ್ಕ ಇದ್ದಿಲ್ಲ. ಈಗ ಅದ. ಖಾಲಿ ಮಾಡಪಾ, ಪಡಸಾಲಿ ಸಾಲ್ವಲ್ದು."

"ಕಿರಾಯಿದಾರ್ರಿಗಿ ನಮ್ಮ ಮನ್ಯಾಗ ರೊಟ್ಟಿ ಹಾಕಾದಿಲ್ಲ, ಕೇಳ್ಕೋ," ಎಂದಳು ಒಲೆಯ ಮುಂದಿದ್ದ ಅವ್ವ.

ವಕೀಲ ಸಾಹೇಬರ ಬಳಿ ಓಡಿದೆ. ಅವರು ಎರಡು ಸಲ ಓದಿ, "ಭಾಳ ಛಲೋ ಬರದೀರಿ ಮುನ್ಶೀಜಿ, ಎಲ್ಲೂ ಸಂದಿ ಬಿಟ್ಟಿಲ್ಲ," ಎಂದು ಬೆನ್ನು ತಟ್ಟಿದರು. ನನ್ನ ಕೆಲಸವನ್ನು ಅವರು ಹೊಗಳಿದ್ದು ಅದೇ ಮೊದಲು.

ಕೊನೆಗೆ ಅಪ್ಪನ ಹೆಸರಿಗೇ ಅರ್ಜಿ ಬರೆದೆ: ಕಿರಾಯಾನಾಮಾ ರದ್ದುಪಡಿಸಿ ಅರ್ಜಿದಾರನನ್ನು ದಯವಿಟ್ಟು ಮತ್ತೆ ಮಗನನ್ನಾಗಿ ಮಾಡಿಕೊಳ್ಳಬೇಕು. ಅಪ್ಪ ಹೊಟ್ಟೆ ಹಿಡಿದು ನಕ್ಕು, "ಮಂಜೂರ್!" ಎಂದರು. ಅವ್ವ ಬಿಸಿ ರೊಟ್ಟಿ ಹಾಕಿದಳು. ಚೀಲಗಳು ಸಂಜೆಯೊಳಗೆ ನನ್ನ ಕೋಣೆಗೆ ಮರಳಿದವು.

ಔರಾದದ ಬಂಡಿಯಿಂದಿಳಿದ ಹೆಂಡತಿ ಕೋಣೆಯ ಬಾಗಿಲಲ್ಲೇ ನಿಂತು ಒಳಗೆ ನೋಡಿದಳು. "ಮಾವಾರಿ, ಈ ಚೀಲ ಬ್ಯಾರೆ ಕಡಿ ಇಡ್ಲಾಕ ಬರ್ತದೇನ್ರಿ?"

"ಯಾಕ ಬರಂಗಿಲ್ಲವ್ವ!" ಎಂದು ಅಪ್ಪ ತಾವೇ ಮೊದಲ ಚೀಲ ಹೆಗಲಿಗೇರಿಸಿದರು. ಹೀಗೆ ಬಾಯಿಬಿಟ್ಟು ಕೇಳಬಹುದು ಎಂಬ ಕಾನೂನು ವಕೀಲ ಸಾಹೇಬರ ಕಪಾಟಿನ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ.