ಎಸ್‌ನಿಂದ ಝಡ್‌ವರೆಗಿನ ಮಾಮಾ

ನಮ್ಮ ಮಾಮಾಗೆ ಇಂಗ್ಲಿಷ್ ಬರುತ್ತದೆ. ಆದರೆ ಎಸ್ ಅಕ್ಷರದಿಂದ ಮುಂದಕ್ಕೆ ಮಾತ್ರ! ನಗಬೇಡಿ. ಎರಡು ವರ್ಷ ಈ ಮನುಷ್ಯನ ಮೇಲೆ ಸಿಟ್ಟಿನಿಂದ ಕುದ್ದವನು ನಾನು. ಈಗಲೂ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಯಾರ ಮೇಲಿನ ಸಿಟ್ಟು ಎಂಬುದಷ್ಟೇ ಬದಲಾಗಿದೆ.

ಮಾಮಾ ಎಂದರೆ ನನ್ನ ತಾಯಿಯ ತಮ್ಮ, ತಿಕೋಟಾದವನು. ಹರೆಯದಲ್ಲೊಮ್ಮೆ ಬಬಲೇಶ್ವರದ ಅಂಗಡಿಯೊಂದರಲ್ಲಿ ಮಿರ್ಚಿ ಭಜಿ ತಿಂದು, ಕಟ್ಟಿಕೊಟ್ಟ ಕಾಗದಕ್ಕೆ ಕೈ ಒರೆಸಿಕೊಳ್ಳಲು ಹೋದವನು ಬೆಚ್ಚಿ ನಿಂತನಂತೆ. ಅದು ಹಳೆಯ ಇಂಗ್ಲಿಷ್–ಕನ್ನಡ ನಿಘಂಟಿನ ಹಾಳೆ! ಎ ಇಂದ ಆರ್‌ವರೆಗಿನದನ್ನು ಬಬಲೇಶ್ವರದ ಜನ ಆಗಲೇ ಭಜಿಯ ಸಂಗಡ ಮನೆಗೆ ಒಯ್ದಿದ್ದರು. ಉಳಿದದ್ದನ್ನು ಮಾಮಾ ಬೇಡಿ ತಂದ, ಬಾಯಿಪಾಠ ಮಾಡಿದ, ನೆಟ್ಟಗೆ ಹೋಗಿ ಗೋಳಗುಮ್ಮಟದ ಮುಂದೆ ಗೈಡ್ ಆಗಿ ನಿಂತುಬಿಟ್ಟ.

ಆಶ್ಚರ್ಯವೆಂದರೆ ಗೋಳಗುಮ್ಮಟಕ್ಕೆ ಅಷ್ಟು ಇಂಗ್ಲಿಷ್ ಸಾಕು! ಸುಲ್ತಾನ್, ಟೂಂಬ್, ವಾಲ್ಟ್, ವಿಸ್ಪರ್, ಸೌಂಡ್, ಸೆವೆನ್ ಟೈಮ್ಸ್, ವಂಡರ್‌ಫುಲ್. ಇನ್ನೇನು ಬೇಕು? ತೊಂದರೆ ಬಂದದ್ದು ಪ್ರಶ್ನೆ ಕೇಳಿದಾಗ. ಇದನ್ನು ಯಾವಾಗ ಕಟ್ಟಿದರು ಎಂದು ಒಬ್ಬ ಬಿಳಿಯ ಕೇಳಿದ್ದಕ್ಕೆ ಮಾಮಾ ಗಂಭೀರವಾಗಿ “ಯೆಸ್ಟರ್‌ಡೇ” ಅಂದನಂತೆ! ಅವನ ನಿಘಂಟಿನಲ್ಲಿ ಯೆಸ್ ಇತ್ತು, ನೋ ಇರಲಿಲ್ಲ. ಇನ್ನೊಮ್ಮೆ ಮೇಲೆ ಹತ್ತೋಣವೇ ಎಂದರೆ ಯೆಸ್. ಮತ್ತೊಮ್ಮೆ? ಯೆಸ್. ಆ ಮೆಟ್ಟಿಲುಗಳನ್ನು ಒಂದೇ ದಿನ ಮೂರು ಸಲ ಹತ್ತಿ ಇಳಿದು ಮನೆಗೆ ಬಂದವನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಅತ್ತೆ, “ಒಲ್ಲೆ ಅನ್ನಾಕ ಏನಾಗಿತ್ತು ನಿಮಗ?” ಅಂದಳು.

“ಅದು ಭಜಿ ಸಂಗಟ ಹೋಗೇತಿ ಬಿಡು.”

ನೀನು ಎಂಬ ಯು ಇತ್ತು, ನಾವು ಎಂಬ ವಿ ಇತ್ತು, ಐ ಇರಲಿಲ್ಲ. ನಾನು ಎಂಬ ಶಬ್ದವೇ ಇಲ್ಲದ ಇಂಗ್ಲಿಷ್! ಇದನ್ನು ಆಗಲೇ ಗಮನಿಸಿದ್ದರೆ ನನಗೂ ಸ್ವಲ್ಪ ಬುದ್ಧಿ ಬರುತ್ತಿತ್ತೇನೋ. ನಾನಾದರೋ ಇಂಗ್ಲಿಷ್ ಎಂ.ಎ. ಮಾಡಿ ಅವನ ಉಚ್ಚಾರ ತಿದ್ದುತ್ತ ಕೂತಿದ್ದೆ. ಅವನಿಗೆ ಬಲು ಪ್ರೀತಿಯ ಶಬ್ದವೊಂದಿತ್ತು: ‘ವ್ರೆಚ್’.

“ರೆಚ್ ಅನ್ಬೇಕು ಮಾಮಾ. ಡಬ್ಲ್ಯೂ ಸೈಲೆಂಟ್.”

“ಬರದದ್ದು ಓದಬಾರದಂದ್ರ ಯಾಕ ಬರೀತಾರಲೇ?”

ಇದಕ್ಕೆ ಯಾವ ವಿಶ್ವವಿದ್ಯಾಲಯದಲ್ಲಿ ಉತ್ತರವಿದೆ?

ನನ್ನ ಮದುವೆ ಬಬಲೇಶ್ವರದಲ್ಲಾಯಿತು. ಮಾಮಾ ಯಾರೂ ಕರೆಯದೆ ಮೈಕ್ ಹಿಡಿದ. ನನ್ನ ಹೆಗಲ ಮೇಲೆ ಕೈಯಿಟ್ಟು, “ದಿಸ್ ವ್ರೆಚ್! ಸಿಸ್ಟರ್ಸ್ ಸನ್! ಸೋ ಸ್ವೀಟ್!” ಎಂದು ಕೂಗಿದ. ಮೊದಲ ಸಾಲಿನಲ್ಲಿದ್ದ ಬೀಗರ ಪೈಕಿ ಒಬ್ಬ ಇಂಗ್ಲಿಷ್ ಮೇಷ್ಟ್ರು ಹೊಟ್ಟೆ ಹಿಡಿದು ನಕ್ಕು, ಸುತ್ತಲಿನವರಿಗೆ ಅರ್ಥ ಹೇಳಿದರು: “ಸ್ವಂತ ಅಳಿಯನ್ನ ನೀಚ ಅಂದಾನ್ರೀ!” ಇಡೀ ಮಂಟಪ ನಕ್ಕಿತು. ಗೋಳಗುಮ್ಮಟದಲ್ಲಾದರೂ ಸದ್ದು ಏಳು ಸಲ ಕೇಳಿ ನಿಲ್ಲುತ್ತದೆ. ಆ ನಗು ನನ್ನ ಕಿವಿಯಲ್ಲಿ ಎರಡು ವರ್ಷ ನಿಲ್ಲಲಿಲ್ಲ.

ಅವನನ್ನು ಪಕ್ಕಕ್ಕೆ ಎಳೆದೆ. “ಎಲ್ಲಾರ ಮುಂದ ಮರ್ಯಾದಿ ತಗದಿ. ಇನ್ನ ಮ್ಯಾಲ ನನ್ನ ಹೆಸರ ಎತ್ತಬ್ಯಾಡ!”

“ಲೇ, ಅದರ ಅರ್ಥ...”

“ನನಗ ಅರ್ಥ ಹೇಳಾಕ ಬರ್ತಿ ಏನು?”

ಅವನು ಉಣ್ಣದೆ ಹೋದ ಎಂದು ನನ್ನ ನೆನಪು. “ಎರಡು ಹೋಳಿಗೆ ಕಟ್ಟಿಸಿಕೊಂಡು ಹೋದ್ರು, ನಾನಽ ಕೊಟ್ಟೇನಿ” ಅನ್ನುತ್ತಾಳೆ ಹೆಂಡತಿ. ನನ್ನ ನೆನಪು ನಂಬುವ ಪೈಕಿಯದಲ್ಲ. ಆದರೆ ಸಿಟ್ಟಿಗೆ ನೆನಪು ಸರಿಯಿರಲೇಬೇಕೆಂಬ ಹಟವೇನಿಲ್ಲ!

ಈಗ ಮಗಳು ಹುಟ್ಟಿದ್ದಾಳೆ. ರವಿವಾರ ತೊಟ್ಟಿಲ ಶಾಸ್ತ್ರ. ಹೆಂಡತಿ ಕೇಳಿದಳು, “ನಿಮ್ಮ ಕಡಿಂದ ಯಾರ್ ಬರ್ತಾರ?” ನಮ್ಮ ಕಡೆ ಎಂದರೆ ಒಬ್ಬನೇ ಮಾಮಾ, ಒಬ್ಬಳೇ ಅತ್ತೆ. ತಂದೆಯನ್ನು ನಾನು ಕಂಡಿಲ್ಲ. ಐದನೇ ವರ್ಷಕ್ಕೆ ತಾಯಿಯೂ ಹೋದಳು. ಮಾಮಾ ಬರದಿದ್ದರೆ ಕೂಸಿಗೆ ತಂದೆಯ ಕಡೆ ಎಂಬುದೇ ಇಲ್ಲ.

ಅವನಿಂದ ಕ್ಷಮೆ ಕೇಳಿಸಿಯೇ ಕರೆಯಬೇಕೆಂದು, ಸಾಕ್ಷಿಗಾಗಿ ಗ್ರಂಥಾಲಯದ ದೊಡ್ಡ ನಿಘಂಟು ತೆಗೆದೆ. ಆ ಶಬ್ದಕ್ಕೆ ಮೊಟ್ಟಮೊದಲ ಅರ್ಥ, ಊರಿನಿಂದ ಹೊರಬಿದ್ದವನು. ಆಮೇಲೆ, ದುಃಖಿ. ಅದರ ಬೆನ್ನಿಗೇ ದುಷ್ಟ, ನೀಚ. ಮೈ ಉರಿಯಿತು. ಇದೆಂಥ ನ್ಯಾಯ? ನೆಲೆ ತಪ್ಪಿದವನನ್ನು ಕಂಡು ಮೊದಲು ಮರುಗುವುದು, ಮರುಗಿ ಬೇಸತ್ತ ಮೇಲೆ ಅವನೇ ಕೆಟ್ಟವನೆನ್ನುವುದು! ಇಂಗ್ಲಿಷರನ್ನು ಬಯ್ಯಲು ಬಾಯಿ ತೆರೆದವನು ಅಲ್ಲೇ ಮುಚ್ಚಿದೆ. ನಾವೇನು ಕಡಿಮೆ? ಪಾಪ ಎಂದರೆ ಕೆಟ್ಟ ಕೆಲಸ. ಅಯ್ಯೋ ಪಾಪ ಎಂದರೆ ಕನಿಕರ. ಇನ್ನು ‘ಪಾಪಿ ಪರದೇಶಿ’? ದಿಕ್ಕಿಲ್ಲದವನನ್ನೂ ಕೆಟ್ಟವನನ್ನೂ ಒಂದೇ ಉಸಿರಿನಲ್ಲಿ ಕಟ್ಟಿಹಾಕಿದವರು ನಾವೇ ಅಲ್ಲವೇ?

ನೆಟ್ಟಗೆ ತಿಕೋಟಾಕ್ಕೆ ಹೋದೆ. ಮಾಮಾ ಅಂಗಳದಲ್ಲಿ ಕೂತು ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದ. ತಲೆ ಎತ್ತಲಿಲ್ಲ.

“ಯಾಕ ಬಂದಿ?”

“ಅವತ್ತು ಆ ಶಬ್ದ ಯಾಕ ಅಂದಿ?”

“ತಂದಿ ತಾಯಿ ಇಲ್ಲದ ಕೂಸಿಗಿ ಇಂಗ್ಲಿಷಿನ್ಯಾಗ ಏನಂತಾರ? ಎಂ.ಎ. ಮಾಡಿದಾಂವ ನೀ, ಹೇಳು.”

“ಆರ್ಫನ್.”

“ಯಾವ ಅಕ್ಷರ?”

“ಓ.”

“ಓ ನನ್ನ ಕಡೆ ಎಲ್ಲೈತಲೇ? ಬಬಲೇಶ್ವರದಾವ್ರು ತಿಂದಾರ!”

ಒಳಗಿನಿಂದ ಆ ಅರ್ಧ ನಿಘಂಟು ತಂದು ಕೊನೆಯ ಹಾಳೆಗಳನ್ನು ಮಗುಚಿದ. ಆ ಶಬ್ದಕ್ಕೆ ಎರಡು ಅರ್ಥ ಅಚ್ಚಾಗಿದ್ದವು. ಒಂದು, ಪರದೇಶಿ, ದಿಕ್ಕಿಲ್ಲದವ. ಎರಡು, ಪಾಪಿ, ನೀಚ. ಎರಡನೆಯದನ್ನು ಪೆನ್ಸಿಲಿನಿಂದ ಕಾಗದ ಹರಿಯುವಷ್ಟು ಒತ್ತಿ ಹೊಡೆದುಹಾಕಿದ್ದ. ಮೊದಲನೆಯದರ ಪಕ್ಕದಲ್ಲಿ, ಅಂಚಿನಲ್ಲಿ, ನನ್ನ ಹೆಸರು.

“ನೀ ಈ ಮನಿಗಿ ಬಂದ ದಿವಸ ಬರದದ್ದು.”

“ಬಸ್ಸಿನ್ಯಾಗ ಬಂದಿದ್ದೆ. ನೀ ಸ್ಟ್ಯಾಂಡಿಗಿ ಬಂದಿದ್ದಿ. ನೆನಪೈತಿ.”

“ಯಾವ ಬಸ್ಸಲೇ! ನಿಮ್ಮೂರು ಕಳ್ಳಕವಟಗಿಯಿಂದ ಸೈಕಲ್ ಮ್ಯಾಲೆ ತಂದೇನಿ. ದಾರಿ ತುಂಬಾ ನನ್ನ ಬೆನ್ನಿಗಿ ಮಾರಿ ಹಚ್ಚಿ ಅಳಾಕತ್ತಿದ್ದಿ. ನೀ ಏನ್ ಕಂಡಿ ದಾರಿ?”

ಇಷ್ಟು ವರ್ಷ ನಾನು ಹೇಳಿಕೊಂಡು ಬಂದ ಆ ಬಸ್ಸು ಯಾವುದೋ, ಗೊತ್ತಿಲ್ಲ.

“ಸಾರಿ ಮಾಮಾ,” ಅಂದೆ.

“ಅದು ಎಸ್ ಪೈಕಿ. ನನ್ನ ಕಡೇನೂ ಐತಿ,” ಎಂದು ಮತ್ತೆ ದ್ರಾಕ್ಷಿಗೆ ಕೈ ಹಾಕಿದ.

“ರವಿವಾರ ಕೂಸಿನ ತೊಟ್ಟಿಲ. ಬರ್ತಿ ಏನು?”

ಇನ್ನೊಂದು ತೊಟ್ಟು ಬಿಡಿಸಿದ.

“ನೋ ಅನ್ನಬೇಕಂತ ಎರಡು ವರ್ಷದಿಂದ ಕಾಯಾಕತ್ತೇನಿ. ಏನ್ ಮಾಡ್ಲಿ, ಪುಸ್ತಕದಾಗ ಇಲ್ಲ.”

ಒಂದು ಹಿಡಿ ಒಣದ್ರಾಕ್ಷಿ ನನ್ನ ಕೈಗೆ ಸುರಿದ. “ತಿನ್ನಲೇ, ವ್ರೆಚ್.”

ನಾನು ಉಚ್ಚಾರ ತಿದ್ದಲಿಲ್ಲ.