ಗಿಣ್ಣಿನ ಮೇಜು

ನಮ್ಮ ಸೋದರಮಾವ ಹುಟ್ಟಿದಾಗಿನಿಂದ ಒಂದೇ ಒಂದು ತಪ್ಪು ಮಾಡಿದವರಲ್ಲ. ನಂಬಿಕೆ ಬರಲಿಲ್ಲವೇ? ಅವರನ್ನೇ ಕೇಳಿ! ನನ್ನ ಡೈರಿಯನ್ನು ಮಾತ್ರ ಕೇಳಬೇಡಿ. ಅದರ ಕೊನೆಯ ಪುಟದಲ್ಲಿ ‘ಮಾವನ ತಪ್ಪುಗಳು’ ಎಂದು ತಲೆಬರಹ ಕೊಟ್ಟು ಎರಡು ಅಂಕಣ ಎಳೆದಿದ್ದೇನೆ. ‘ಮಾಡಿದ್ದು’ ಎಂಬ ಅಂಕಣದಲ್ಲಿ ಹೋದ ಯುಗಾದಿಯಿಂದ ಈಚೆಗೆ ನಲವತ್ತೇಳು ಗೀಟುಗಳಿವೆ. ‘ಒಪ್ಪಿಕೊಂಡಿದ್ದು’ ಎಂಬ ಅಂಕಣ ಒರೆಸಿಟ್ಟ ಸ್ಲೇಟಿನಂತೆ ಖಾಲಿ. ಬೇಲೂರಿನ ನಮ್ಮ ಮನೆಗೆ ಹೊರಟು ಹಳೇಬೀಡಿನ ಬಸ್ಸು ಹತ್ತಿದ ದಿನವೂ ಅವರು ಸೋಲಲಿಲ್ಲ. “ನಾನು ಸರಿಯಾಗೇ ಹತ್ತಿದ್ದೆ, ಬಸ್ಸೇ ದಾರಿ ತಪ್ಪೈತೆ” ಎಂದುಬಿಟ್ಟರು!

ನನ್ನ ಲೆಕ್ಕದ ಹುಚ್ಚು ಅವರಿಗೆ ದೊಡ್ಡ ತಮಾಷೆ. “ನಾನು ದಿನಾ ಡೈರಿಗೆ ಹಾಲು ಹಾಕ್ತೀನಿ, ಇವಳು ದಿನಾ ಡೈರಿಗೆ ನನ್ನ ಹಾಕ್ತಾಳೆ” ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ.

ಮಾವ ಇರುವುದು ಹಗರೆಯಲ್ಲಿ. ಮದುವೆಯಾಗಿಲ್ಲ. ಮೂರು ಹಸು ಇವೆ. ನನ್ನ ಅಕ್ಕ ಹುಟ್ಟಿದ್ದೂ ಆ ಮನೆಯಲ್ಲೇ, ಅದೂ ಏಳೇ ತಿಂಗಳಿಗೆ. ಹಾಲು ಚೀಪಲೂ ಶಕ್ತಿಯಿಲ್ಲದ ಆ ಕೂಸಿಗೆ ಮಾವ ಇಂಕಿನ ಫಿಲ್ಲರಿನಲ್ಲಿ ಹನಿ ಹನಿಯಾಗಿ ಹಾಲು ಕುಡಿಸಿದರಂತೆ. ಇದನ್ನು ಹೇಳುವವಳು ಅಮ್ಮ. ಮಾವನನ್ನು ಕೇಳಿದರೆ, “ಎರಡು ತಿಂಗಳು ನನ್ನ ಪೆನ್ನಿಗೆ ಇಂಕು ಹಾಕಕ್ಕೇ ಆಗ್ಲಿಲ್ಲ ಕಣೇ” ಎಂದು ಗೊಣಗುತ್ತಾರೆ.

ಅಂಥ ಅಕ್ಕನಿಗೆ ಮದುವೆ ಗೊತ್ತಾಯಿತು. ಮಾವನಿಗೆ ಇದ್ದದ್ದು ಒಂದೇ ಹಟ: ಈ ಮದುವೆಯಲ್ಲಿ ಆಡಿದ್ದು ಆಡಿದಂತೆ ನಡೆಯಬೇಕು, ಯಾರೂ ಬೆರಳು ತೋರಿಸಬಾರದು. ಭಾವ ಅರಸೀಕೆರೆಯ ಕೊಬ್ಬರಿ ವ್ಯಾಪಾರಿಗಳ ಮನೆಯವರು. ಕೊಬ್ಬರಿ ಬಿಟ್ಟು ಬೇಕರಿ ತೆರೆದವರು. ಅಕ್ಕನೂ ಅವರೂ ಸೇರಿ, ಮದುವೆಯ ಊಟದ ಪಕ್ಕದಲ್ಲಿ ಒಂದು ಚೀಸ್ ಟೇಬಲ್ ಇರಬೇಕು ಎಂದು ಆಸೆಪಟ್ಟರು. ಐದು ಬಗೆಯ ಚೀಸು, ಜೊತೆಗೆ ದ್ರಾಕ್ಷಿ, ಬಿಸ್ಕತ್ತು. ಬಂದವರು ಬೇಕಾದ್ದನ್ನು ಕೊಯ್ದುಕೊಂಡು ತಿನ್ನಬಹುದು.

“ಹಾಲಿನ ವಿಷ್ಯ ತಾನೇ? ನನಗೆ ಬಿಡಿ” ಎಂದರು ಮಾವ. ಅಲ್ಲಿಗೆ ಮುಗಿಯಿತು!

ಮದುವೆಗೆ ಮೂವತ್ತು ದಿನ ಇರುವಾಗ ಭಾವ ಐದು ಚೀಸಿನ ಮಾದರಿಗಳನ್ನು ಥರ್ಮೊಕೋಲ್ ಡಬ್ಬಿಯಲ್ಲಿ ಹಗರೆಗೆ ಕಳಿಸಿದರು. ಮಾವ ಜಗಲಿಯಲ್ಲಿ ಕುಳಿತು ಪರೀಕ್ಷೆ ನಡೆಸಿದರು. ಅಂಕ ಬರೆದುಕೊಳ್ಳಲು ನಾನು.

ಮೊದಲನೆಯದರಲ್ಲಿ ತೂತುಗಳಿದ್ದವು. ಮಾವ ಅದನ್ನು ಬೆಳಕಿಗೆ ಹಿಡಿದರು. “ಇಲಿ ಕೊರೆದೈತೆ. ಅಳಿಯಂದ್ರ ಬೇಕ್ರೀಲಿ ಬೆಕ್ಕು ಇಲ್ವಾ?” ಆದರೂ ಹತ್ತಕ್ಕೆ ಎರಡು ಅಂಕ ಕೊಟ್ಟರು. ಯಾಕೆ ಅಂತೀರಾ? ಇಲಿಗೆ ಹಿಡಿಸಿದೆಯಲ್ಲ, ಅದಕ್ಕೆ! ಎರಡನೆಯದಕ್ಕೆ ಕೆಂಪು ಮೇಣದ ಹೊದಿಕೆಯಿತ್ತು. ಮೇಣವನ್ನೂ ಸೇರಿಸಿ ಅಗಿದು, “ಸಿಪ್ಪೆ ಒಸಿ ಗಟ್ಟಿ” ಎಂದು ಮೂರು ಅಂಕ ಕೊಟ್ಟರು. ಮೂರನೆಯದು ಬಿಳಿ ಪೊರೆಯ ಮೆತ್ತನೆಯ ಚೀಸು. “ಇದು ಬೆಂದಿಲ್ಲ” ಎಂದು ತೀರ್ಮಾನಿಸಿ ಕಾವಲಿಯ ಮೇಲೆ ಹಾಕಿದರು. ಅದು ಕರಗಿ, ಹರಿದು, ಒಲೆಯೊಳಗೆ ಇಳಿದು ಕಣ್ಮರೆಯಾಯಿತು. ಅದರ ಮುಂದೆ ‘ಗೈರುಹಾಜರು’ ಎಂದು ಬರೆದೆ.

ನಾಲ್ಕನೆಯದನ್ನು ಕಂಡು ಮಾವ ಹೌಹಾರಿದರು. ಒಳಗೆಲ್ಲ ನೀಲಿ ಗೆರೆಗಳು! “ಅಯ್ಯೋ, ಬೂಷ್ಟು ಹಿಡಿದೈತಲ್ಲೇ!” ಬೂಷ್ಟು ಇರಬೇಕಾದದ್ದೇ, ಅದೇ ಅದರ ರುಚಿ ಎಂದು ನಾನು ಹೇಳುವಷ್ಟರಲ್ಲಿ ಅವರು ನಲ್ಲಿಯ ಕೆಳಗಿದ್ದರು. ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ಉಜ್ಜಿದರು. ಅಂಗೈಯಗಲದ ಚೀಸು ನಿಂಬೆಕಾಯಿ ಗಾತ್ರಕ್ಕೆ ಇಳಿಯಿತು. ಸಂಜೆ ಭಾವ ಫೋನ್ ಮಾಡಿದರು.

“ಮಾವ, ನೀಲಿ ಚೀಸು ಹೇಗಿತ್ತು?”

“ಬಂದಾಗ ಕೆಟ್ಟಿತ್ತು ಅಳಿಯಂದ್ರೇ. ಈಗ ಹುಷಾರಾಗೈತೆ.”

ಐದನೆಯದು ಎರಡು ವರ್ಷ ಹಳೆಯದು, ತುಂಬ ಒಳ್ಳೆಯದು ಎಂದು ಭಾವ ಚೀಟಿ ಅಂಟಿಸಿದ್ದರು. ಮಾವ ಚೀಟಿಯನ್ನು ಎರಡು ಸಲ ಓದಿದರು. “ಎರಡು ವರ್ಷದಿಂದ ಯಾರೂ ತಗಂಡಿಲ್ಲ ಅಂದ್ರೆ ಏನಾದ್ರೂ ಕಾರಣ ಇರ್ಬೇಕಲ್ವೇನೇ?”

ಐದಕ್ಕೆ ಐದೂ ಫೇಲು! ಅಷ್ಟರಲ್ಲಿ ಅಕ್ಕ ಫೋನ್ ಮಾಡಿ ಮೆಲ್ಲಗೆ, “ಯಾವುದನ್ನ ಆರಿಸಿದ್ರಿ ಮಾವ?” ಎಂದಳು. ಮಾವ ನನ್ನ ಮುಖ ನೋಡಿದರು, ಅಂಕಪಟ್ಟಿ ನೋಡಿದರು. “ಎಲ್ಲಾ ಆರಿಸಿದೀನಿ ಕಣವ್ವ” ಎಂದು ಫೋನಿಟ್ಟು, ನನ್ನತ್ತ ತಿರುಗಿ, “ಹುಡುಗಿ ಆಸೆಪಟ್ಟೌಳೆ. ಗ್ರೇಸ್ ಮಾರ್ಕ್ಸ್ ಹಾಕು” ಎಂದರು.

ಇಲ್ಲಿಗೆ ನಿಂತಿದ್ದರೆ ಈ ಪ್ರಬಂಧದ ಅಗತ್ಯವೇ ಇರುತ್ತಿರಲಿಲ್ಲ. ಲಗ್ನಪತ್ರಿಕೆ ಬರೆಯುವ ಕೆಲಸವನ್ನೂ ಮಾವನೇ ವಹಿಸಿಕೊಂಡರು. ಪತ್ರಿಕೆಯಲ್ಲಿ ಇಂಗ್ಲಿಷ್ ಪದ ಕೂಡದು ಎಂಬುದು ಅವರ ನಿಯಮ. ಚೀಸಿಗೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ನಿಘಂಟು ತೆಗೆದರು. ಅಲ್ಲಿ ‘ಗಿಣ್ಣು’ ಎಂದಿತ್ತು. ಮುನ್ನೂರು ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಅಚ್ಚಾಯಿತು: ‘ವಿಶೇಷ: ಗಿಣ್ಣಿನ ಮೇಜು’.

ಅಕ್ಕ ಪತ್ರಿಕೆ ಓದಿ ಕುಸಿದು ಕುಳಿತಳು. “ಮಾವ! ಗಿಣ್ಣು ಅಂದ್ರೆ ಕರು ಹಾಕಿದ ಹಸುವಿನ ಮೊದಲ ಹಾಲು! ಬೆಲ್ಲ ಏಲಕ್ಕಿ ಹಾಕಿ ಹಬೇಲಿ ಬೇಯಿಸ್ತಾರಲ್ಲ, ಅದು!”

“ನನಗೇ ಹೇಳ್ಕೊಡ್ತೀಯಾ? ಇಂಗ್ಲಿಷ್ನೋರದ್ದು ಅವರ ಗಿಣ್ಣು, ನಮ್ದು ನಮ್ಮ ಗಿಣ್ಣು. ನಿಘಂಟಲ್ಲಿ ಐತೆ.”

ನಿಘಂಟಿನಲ್ಲಿದ್ದರೆ ಏನು ಬಂತು? ಹಗರೆಯವರ ನಾಲಿಗೆಯಲ್ಲಿ ಬೇರೆಯೇ ಇತ್ತಲ್ಲ! ಪತ್ರಿಕೆ ಹಂಚಿದ ಮೊದಲ ವಾರದಲ್ಲೇ ಗಿಣ್ಣಿನ ಬಗ್ಗೆ ಇಪ್ಪತ್ತಾರು ಫೋನ್ ಬಂದವು. ಹತ್ತು ವರ್ಷದಿಂದ ನಮ್ಮ ಮನೆಯ ಯಾವ ಸಮಾರಂಭಕ್ಕೂ ಬರದ ಬಸ್ತಿಹಳ್ಳಿಯ ದೊಡ್ಡಮ್ಮ, “ಮಂಡಿ ನೋವು ಇದ್ರೂ ಪರ್ವಾಗಿಲ್ಲ, ಗಿಣ್ಣು ಐತಂತಲ್ಲ, ಬತ್ತೀನಿ” ಎಂದರು.

ಬೇರೆಯವರಾಗಿದ್ದರೆ, ಅಚ್ಚಿನ ದೋಷ ಎಂದು ಜಾರಿಕೊಳ್ಳುತ್ತಿದ್ದರು. ಮಾವ ಜಾರಲಿಲ್ಲ. ಚೀಸೂ ಇರುತ್ತದೆ, ಗಿಣ್ಣೂ ಇರುತ್ತದೆ ಎಂದು ಘೋಷಿಸಿದರು. ಗಿಣ್ಣುಹಾಲಿಗೆ ಬೇರೆ ಹಾಲು ಬೆರೆಸಿಕೊಂಡು ಮಾಡಿದರೆ ತಲೆಗೊಂದು ಚಮಚ ಸಿಗುತ್ತದಂತೆ. ಎಲ್ಲಿಂದಾದರೂ ಕೊಂಡು ತರಬಹುದಲ್ಲ ಎಂದೆ. ಅವರಿಗೆ ನಿಜವಾಗಿಯೂ ಸಿಟ್ಟು ಬಂತು. “ಗಿಣ್ಣಾಲು ಮನೆಮನೆಗೆ ಹಂಚೋದು ಕಣೇ. ದುಡ್ಡು ಕೊಟ್ಟು ತಂದ್ರೆ ಹಸು ಮಕ ನೋಡೋದು ಹೆಂಗೆ?”

ಹಾಗಾಗಿ ಭಾರವೆಲ್ಲ ಗೌರಿಯ ಮೇಲೆ ಬಿತ್ತು. ಗೌರಿ ಮಾವನ ಕಿರಿಯ ಹಸು. ಚೊಚ್ಚಲು. ಮದುವೆಯ ವಾರವೇ ಅವಳಿಗೂ ದಿನ ತುಂಬುತ್ತಿತ್ತು. ಮಾವ ಒಂದು ಲಗ್ನಪತ್ರಿಕೆಗೆ ಅರಿಸಿನ ಕುಂಕುಮ ಹಚ್ಚಿ, ಲಕೋಟೆಯ ಮೇಲೆ ‘ಶ್ರೀಮತಿ ಗೌರಿ, ಕೊಟ್ಟಿಗೆ, ಹಗರೆ’ ಎಂದು ವಿಳಾಸ ಬರೆದು, ಅವಳ ಎದುರು ನಿಂತು ಮುಹೂರ್ತದ ಸಮಯವನ್ನು ಎರಡು ಸಲ ಓದಿ ಹೇಳಿದರು. ಕೆಳಗೆ ಕೈಬರಹದಲ್ಲಿ ಒಂದು ಮಾತು ಸೇರಿಸಿದ್ದರು: ‘ತಪ್ಪದೆ ಸಕುಟುಂಬ ಬರುವುದು’! ಗೌರಿ ಲಕೋಟೆಯನ್ನು ತಿಂದಳು.

“ನೋಡಿದ್ಯಾ? ಒಪ್ಕೊಂಡ್ಳು” ಎಂದರು ಮಾವ.

ಅಲ್ಲಿಂದಾಚೆಗೆ ಹದಿನೆಂಟು ದಿನ ಗೌರಿಯ ಕೆಚ್ಚಲು, ಮೇವು, ನಿಟ್ಟುಸಿರು ಎಲ್ಲವನ್ನೂ ಮಾವ ಫೋನಿನಲ್ಲಿ ಹೇಳುವುದು, ನಾನು ಬರೆದುಕೊಳ್ಳುವುದು. ಮದುವಣಗಿತ್ತಿಯ ಸೀರೆಯ ಲೆಕ್ಕಕ್ಕೆ ಡೈರಿಯಲ್ಲಿ ಒಂದೂವರೆ ಪುಟ, ಹಸುವಿಗೆ ಏಳು!

ಮದುವೆಯ ದಿನ ಬಂತು. ಬೇಲೂರಿನ ಛತ್ರದಲ್ಲಿ ಭಾವ ತಾವೇ ನಿಂತು ಮೇಜು ಜೋಡಿಸಿದರು. ಐದು ಚೀಸುಗಳು ಸೆಕೆಗೆ ಬೆವರುತ್ತ ಸಾಲಾಗಿ ಕುಳಿತವು. ನಡುವೆ ಫಳಫಳ ಬೆಳಗಿದ ಖಾಲಿ ಹಿತ್ತಾಳೆ ಪಾತ್ರೆ, ಅದರ ಮುಂದೆ ‘ಗಿಣ್ಣು’ ಎಂಬ ಚೀಟಿ. ಪಾತ್ರೆಯನ್ನು ಮಾವ ಹಿಂದಿನ ದಿನವೇ ಕಳಿಸಿದ್ದರು. ಮಾವ ಮಾತ್ರ ಬಂದಿರಲಿಲ್ಲ. ಬಸ್ತಿಹಳ್ಳಿಯ ದೊಡ್ಡಮ್ಮ ಪಾತ್ರೆಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ಕಾಯುವ ಹೊತ್ತಿಗೆಂದು ತೂತಿನ ಚೀಸಿಗೆ ಉಪ್ಪಿನಕಾಯಿ ನೆಂಚಿಕೊಂಡು ತಿನ್ನತೊಡಗಿದರು.

ಮುಹೂರ್ತ ಹತ್ತಿರವಾಯಿತು. ಮಾವನಿಗೆ ಹದಿನಾಲ್ಕು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಹುಡುಗಿಯನ್ನು ಮಂಟಪಕ್ಕೆ ಕೈಹಿಡಿದು ಕರೆತರಬೇಕಾದವನು ಸೋದರಮಾವ. “ಬೇರೆ ಯಾರಾದ್ರೂ ಕರ್ಕೊಂಡು ಬರ್ಲಿ” ಎಂದರು ಪುರೋಹಿತರು. ಅಕ್ಕ ಅಲ್ಲಾಡಲಿಲ್ಲ. “ಮಾವ ಬರ್ತಾರೆ.”

ಬಂದರು! ಹಾಲಿನ ವ್ಯಾನಿನಿಂದ ಇಳಿದರು. ಪಂಚೆಯ ತುಂಬ ಸಗಣಿ, ತೋಳಿಗೆ ಅಂಟಿದ ಒಣಹುಲ್ಲು. ಕೈಯಲ್ಲಿ ಏನೂ ಇರಲಿಲ್ಲ. ನೇರವಾಗಿ ಅಕ್ಕನಿದ್ದ ಕೋಣೆಯ ಬಾಗಿಲಿಗೆ ಬಂದು ನಿಂತರು. ಒಳಗೆ ಬರಲಿಲ್ಲ.

“ತಪ್ಪಾಯ್ತು ಕಣವ್ವ” ಎಂದರು.

ನಾನು ಕಿವಿ ಮುಟ್ಟಿ ನೋಡಿಕೊಂಡೆ.

“ಬೆಳಗಾಗೋ ಹೊತ್ತಿಗೆ ಗೌರಿ ಕರು ಹಾಕಿದ್ಳು. ಹೆಣ್ಗರು. ಇಷ್ಟೇ ಇಷ್ಟು. ಏಳಕ್ಕೇ ಆಗ್ತಿರ್ಲಿಲ್ಲ, ಚೀಪಕ್ಕೂ ಬರ್ತಿರ್ಲಿಲ್ಲ. ಚೊಚ್ಚಲಲ್ವಾ, ಬಂದಿದ್ದೇ ಒಂದು ಚೊಂಬು ಹಾಲು. ಬಾಟ್ಲೀಲಿ ಒಂದೊಂದೇ ಗುಟುಕು... ಪೂರಾ ಅದಕ್ಕೇ ಕುಡಿಸ್ಬುಟ್ಟೆ. ಗಿಣ್ಣು ಇಲ್ಲ ಕಣವ್ವ. ಅಚ್ಚು ಹಾಕ್ಸಿ ಮಾತು ತಪ್ದೆ.”

ಅಕ್ಕ ಎದ್ದು ಬಂದು, ಅಷ್ಟು ದೊಡ್ಡ ಜರಿಯ ಸೆರಗಿನಿಂದ ಅವರ ತೋಳಿನ ಹುಲ್ಲು ಒರೆಸಿದಳು. “ಎದ್ದು ನಿಂತ್ಕೊಂತಾ ಮಾವ?”

“ನಿಂತ್ಕಂಡ್ಳು. ಅದನ್ನ ನೋಡ್ಕಂಡೇ ಬಂದೆ.”

“ನನಗೂ ಹಿಂಗೇ ಕುಡಿಸಿದ್ರಾ?”

ಮಾವ ಸಗಣಿಯ ಕೈಯನ್ನು ಪಂಚೆಗೆ ಒರೆಸಿಕೊಂಡು, ಸಾಲದೆಂದು ಮತ್ತೊಮ್ಮೆ ಒರೆಸಿಕೊಂಡು ಮುಂದೆ ಚಾಚಿದರು. ಅಕ್ಕ ಹಿಡಿದುಕೊಂಡಳು.

ಧಾರೆ ಮುಗಿದ ಮೇಲೆ ಮಾವ ಆ ಖಾಲಿ ಪಾತ್ರೆಯ ಪಕ್ಕ ನಿಂತು ಬಂದವರಿಗೆಲ್ಲ ಕೈಮುಗಿದು, “ಗಿಣ್ಣು ಇಲ್ಲ, ಕರು ಕುಡೀತು, ತಪ್ಪಾಯ್ತು” ಎಂದರು. ಒಟ್ಟು ಅರವತ್ತೊಂದು ಸಲ, ನಾನೇ ಎಣಿಸಿದ್ದೇನೆ. ಒಬ್ಬರೂ ಬೆರಳು ತೋರಿಸಲಿಲ್ಲ. ಅರವತ್ತೊಂದು ಜನವೂ ಕೇಳಿದ್ದು ಒಂದೇ: “ಕರು ಹೆಂಗೈತೆ?” ಬಸ್ತಿಹಳ್ಳಿಯ ದೊಡ್ಡಮ್ಮ ಮಾತ್ರ ಇನ್ನೊಂದು ಮಾತು ಸೇರಿಸಿದರು. “ಆ ತೂತಿಂದು ಇನ್ನೊಂದು ತುಂಡು ಐತಾ?”

ಮನೆಗೆ ಬಂದು ಡೈರಿಯ ಕೊನೆಯ ಪುಟ ತೆರೆದೆ. ‘ಒಪ್ಪಿಕೊಂಡಿದ್ದು’ ಅಂಕಣದಲ್ಲಿ ಅರವತ್ತೆರಡು ಗೀಟು ಎಳೆಯಬೇಕಿತ್ತು. ಆದರೆ ‘ಮಾಡಿದ್ದು’ ಅಂಕಣಕ್ಕೆ ಏನು ಬರೆಯಲಿ? ಎರಡೂ ಅಂಕಣ ಬಿಟ್ಟು ಆ ದಿನದ ಪುಟಕ್ಕೆ ಹೋಗಿ ಒಂದು ಸಾಲು ಬರೆದೆ:

‘ಕರು ಎದ್ದು ನಿಂತಿದೆ.’