ಎರಡು ಡಬ್ಬಿ, ಒಂದೇ ನಂಬರು

“ಅಮ್ಮಾ, ನೀನು ನೋಡ್ತಾ ಇರು! ಮೂವತ್ತು ವರ್ಷ ಗಡಿಯಾರದ ಹೊಟ್ಟೆ ಬಗೆದವನು ನಾನು. ಕೂದಲೆಳೆಯಂಥ ಸ್ಪ್ರಿಂಗೇ ನನ್ನ ಮಾತು ಕೇಳುತ್ತೆ, ಈ ಇಂಟರ್ನೆಟ್ ಡಬ್ಬಿ ಯಾವ ಲೆಕ್ಕ? ಮುಂದಿನ ಕೋಣೇಲಿ ಒಂದು ಡಬ್ಬಿ, ಹೊಲಿಗೆ ಕೋಣೇಲಿ ಇನ್ನೊಂದು. ಇದರ ತಂತಿ ಅದಕ್ಕೆ ಚುಚ್ಚಿದ್ರೆ ಮನೆಯೆಲ್ಲ ಒಂದೇ ನೆಟ್‌ವರ್ಕು! ಇಲ್ಲಿ ಕಂಪ್ಯೂಟರ್‌ನಲ್ಲಿ ಒತ್ತಿದ್ರೆ ಅಲ್ಲಿ ಪ್ರಿಂಟರ್ ಕಕ್ಕಬೇಕು. ಹತ್ತೇ ನಿಮಿಷ!”

ಮಗ ಹೀಗೆ ಘೋಷಿಸಿದಾಗ ಬೆಳಿಗ್ಗೆ ಒಂಬತ್ತು. ಅಮ್ಮ ಒಣಗಿದ ಬಟ್ಟೆಯ ರಾಶಿಯ ಮುಂದೆ ಕೂತು ಮಡಚುತ್ತಿದ್ದರು.

ಸೊಸೆ ಟೈಲರ್. ಮಕ್ಕಳ ನಾಟಕಕ್ಕೆ ಚಿಟ್ಟೆಯ ರೆಕ್ಕೆ ಹೊಲಿಯಬೇಕು. ಅಳತೆಯ ನಕ್ಷೆ ಕಂಪ್ಯೂಟರ್‌ನೊಳಗಿದೆ. ಸಂಜೆ ನಾಲ್ಕಕ್ಕೆ ನಾಟಕದ ಮೇಷ್ಟ್ರು ಬಂದು ಒಂದು ಜೊತೆ ರೆಕ್ಕೆ ನೋಡಿ ಒಪ್ಪಬೇಕು. ಇಲ್ಲದಿದ್ದರೆ ಅವಳ ಮೊದಲ ದೊಡ್ಡ ಆರ್ಡರು ಬೇರೆಯವರ ಪಾಲು!

ಹತ್ತು ನಿಮಿಷ ಎಳೆದು ಎಳೆದು ಹನ್ನೊಂದೂವರೆಯಾಯಿತು. ಪ್ರಿಂಟರ್ ಕಮಕ್ ಕಿಮಕ್ ಅನ್ನಲಿಲ್ಲ.

“ರೀ, ನಿಮ್ಮ ಒಂದೇ ನೆಟ್‌ವರ್ಕು ಎಲ್ಲಿಗೆ ಬಂತು?”

“ತಂತಿ ತಪ್ಪು ತೂತಿಗೆ ಹೋಗಿತ್ತು ಕಣೆ. ಹೊರಗಿನ ಲೈನಿನ ತೂತು ಅದು. ಅದಕ್ಕೇ ಆ ಡಬ್ಬಿ ಬೇರೆ ಸಂಸಾರ ಹೂಡಿತ್ತು. ಈಗ ಮನೆಯೊಳಗಿನ ಲೈನಿಗಿರೋ ಲ್ಯಾನ್ ತೂತಿಗೆ ಹಾಕಿದೀನಿ. ಎರಡಕ್ಕೂ ಒಂದೇ ನಂಬರೂ ಕೊಟ್ಟೆ! ನನ್ನ ಅಂಗಡಿ ಗೋಡೇಲಿ ಎಲ್ಲ ಗಡಿಯಾರಾನೂ ಒಂದೇ ಟೈಮ್ ತೋರಿಸಲ್ವಾ, ಹಾಗೆ!”

ಅಷ್ಟೇ, ಇದ್ದ ಇಂಟರ್ನೆಟ್ಟೂ ಗೊಟಕ್!

“ರೆಕ್ಕೆ ಕೇಳಿದ್ರೆ ಕಾಲನ್ನೂ ಮುರಿದ್ರಿ!” ಎಂದಳು ಸೊಸೆ. ನಗುತ್ತಲೇ ಅಂದಳು, ಆದರೆ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ಅಮ್ಮ ಅದನ್ನು ನೋಡಿದರು.

ಅವರಿಗೆ ಡಬ್ಬಿಯ ವಿದ್ಯೆ ತಿಳಿಯದು. ಆದರೆ ಬೆಳಗಿನಿಂದ ಮಗನ ಒಂದೊಂದು ಗೊಣಗಾಟವೂ ಕಿವಿಗೆ ಬಿದ್ದಿತ್ತು.

“ಮಗಾ, ಆ ನಂಬರು ಯಾತಕ್ಕೆ?”

“ಡಬ್ಬಿಯ ಗುರುತಿಗಮ್ಮಾ.”

“ಹಂಗಾದ್ರೆ ರಿಪೇರಿಗೆ ಬಂದ ಗಡಿಯಾರಕ್ಕೆಲ್ಲ ಒಂದೇ ನಂಬರಿನ ಚೀಟಿ ಕಟ್ತೀಯೇನೋ?”

ಮಗ ಡಬ್ಬಿಯತ್ತ ಓಡಿದ. ತಂತಿ ಕಿತ್ತು, ಎರಡನೇ ಡಬ್ಬಿಯ ನಂಬರಿನ ಕೊನೆಯ ಅಂಕಿ ಒಂದಿದ್ದದ್ದನ್ನು ಎರಡು ಮಾಡಿದ. ಕಂಪ್ಯೂಟರ್, ಪ್ರಿಂಟರ್‌ಗಳಿಗೆಲ್ಲ ನಂಬರು ಹಂಚುವ ಯಜಮಾನಿಕೆಯನ್ನು ಮೊದಲನೆಯದಕ್ಕೇ ಬಿಟ್ಟು ತಂತಿ ಸಿಕ್ಕಿಸಿದ. ಹೊಲಿಗೆ ಕೋಣೆಯಲ್ಲಿ ಪ್ರಿಂಟರ್ ಕೆಮ್ಮಿತು!

ಒಂದು ನಕ್ಷೆ ಬಂತು. ಇನ್ನೊಂದು. ಮತ್ತೊಂದು. ನಿಲ್ಲುವುದೇ ಇಲ್ಲ! ಬೆಳಗಿನಿಂದ ಆತ ಕಂಪ್ಯೂಟರ್‌ನಲ್ಲಿ ಒತ್ತಿದ್ದೆಲ್ಲ ಸಾಲುಗಟ್ಟಿ ಕಾದಿತ್ತು.

“ರೀ, ಒಂದು ಚಿಟ್ಟೆಗೆ ನಲವತ್ತು ರೆಕ್ಕೆ!” ಎಂದು ಕೂಗುತ್ತ ಸೊಸೆ ಕತ್ತರಿ ಹಿಡಿದು ಓಡಿದಳು.

ಗಡಿಯಾರ ಹನ್ನೆರಡು ಹೊಡೆಯಿತು.

“ಹತ್ತು ನಿಮಿಷ ಆಯ್ತು ನೋಡು, ಮಗಾ,” ಎಂದರು ಅಮ್ಮ.

ಮಗ ಅಮ್ಮನ ಪಕ್ಕ ಕೂತು ರಾಶಿಯಿಂದ ಒಂದು ಟವೆಲ್ ಎಳೆದುಕೊಂಡ. ಅಂಚಿಗೆ ಅಂಚು ಕೂಡಿಸಿ ಮಡಚತೊಡಗಿದ.